ಬರಹವಿಲ್ಲದ ಶಾಸನಕಲ್ಲು: ಚಿಯೆನ್‌ಲಿಂಗ್ ರಾಜಸಮಾಧಿಯ ಚರಿತ್ರೆ ಮತ್ತು ಐತಿಹ್ಯ

ಐತಿಹ್ಯವು ಚರಿತ್ರೆಯ ಆಕರವಾಗಬಲ್ಲುದೇ ಎಂಬ ಪ್ರಶ್ನೆ ಜಾನಪದ ಅಧ್ಯಯನದಲ್ಲಿ ಹಳೆಯದು. ರಾಜಗ್ರಂಥ, ಶಿಲೆ ಮತ್ತು ಜನರ ಬಾಯಿಮಾತು ಈ ಮೂರೂ ಎದುರುಬದುರಾಗಿ ನಿಲ್ಲುವ ಸ್ಥಳಗಳಲ್ಲಿ ಈ ಪ್ರಶ್ನೆಯನ್ನು ಪರೀಕ್ಷಿಸಿ ನೋಡುವುದು ಸಾಧ್ಯ. ಚೀನಾದ ಶಾನ್ಷಿ ಪ್ರಾಂತದ ಚಿಯೆನ್‌ಲಿಂಗ್ ಅಂಥದೊಂದು ಸ್ಥಳ. ಪ್ರಾಚೀನ ಚಾಂಗಾನ್, ಅಂದರೆ ಇಂದಿನ ಷಿಯಾನ್ ನಗರದಿಂದ ವಾಯವ್ಯಕ್ಕೆ ಸುಮಾರು 80 ಕಿ.ಮೀ. ದೂರದ ಲಿಯಾಂಗ್‌ಷಾನ್ ಬೆಟ್ಟದ ಒಡಲಲ್ಲಿ ತಾಂಗ್ ವಂಶದ ಮೂರನೆಯ ಚಕ್ರವರ್ತಿ ಗಾವೊಜೊಂಗ್ ಹಾಗೂ ಆತನ ಪಟ್ಟದರಸಿ ವೂ ಜೆತಿಯೆನ್ ಒಂದೇ ಸಮಾಧಿಯಲ್ಲಿದ್ದಾರೆ. 683ರಲ್ಲಿ ತೀರಿಕೊಂಡ ಗಾವೊಜೊಂಗನನ್ನು ಮರುವರ್ಷ ಇಲ್ಲಿ ಹೂಳಲಾಯಿತು. 690ರಲ್ಲಿ ಆಕೆ ತಾನೇ ಚಕ್ರವರ್ತಿಪದವಿಯನ್ನು ಧರಿಸಿ, ತಾಂಗ್ ಹೆಸರನ್ನು ಬದಿಗಿಟ್ಟು ‘ಝೌ’ ಎಂಬ ರಾಜವಂಶವನ್ನು ಘೋಷಿಸಿದಳು. ಚೀನಾದ ಚರಿತ್ರೆಯಲ್ಲಿ ಆ ಪದವಿಯಿಂದ ಆಳಿದ ಏಕೈಕ ಮಹಿಳೆಯೆಂದು ಆಕೆ ಪರಿಗಣಿತಳಾಗಿದ್ದಾಳೆ.

705ರಲ್ಲಿ ಅರಮನೆಯ ಕ್ಷಿಪ್ರಕ್ರಾಂತಿಯೊಂದು ಆಕೆಯನ್ನು ಪದಚ್ಯುತಗೊಳಿಸಿ ಮಗ ಚೊಂಗ್‌ಜೊಂಗನಿಗೆ ಪಟ್ಟವನ್ನು ಮರಳಿಸಿತು. ಅದೇ ವರ್ಷ ಆಕೆ ತೀರಿಕೊಂಡಳು. ಚಕ್ರವರ್ತಿ ಎಂಬ ಬಿರುದನ್ನು ಬಿಟ್ಟು ಗಂಡನ ಪಕ್ಕದಲ್ಲಿ ರಾಣಿಯಾಗಿ ಮಣ್ಣಾಗಬೇಕೆಂಬುದು ಆಕೆಯ ಕೊನೆಯ ಆಜ್ಞೆಯಾಗಿತ್ತು. ಯಾನ್ ಷಾನ್ಸಿ ಎಂಬ ಅಧಿಕಾರಿ ಇದನ್ನು ವಿರೋಧಿಸಿದ. ಮೊದಲು ಹೂಳಲ್ಪಟ್ಟ ಹಿರಿಯನನ್ನು ಕಿರಿಯಳಿಗಾಗಿ ಕದಲಿಸಬಾರದು ಎಂಬುದು ಆತನ ಒಂದು ವಾದ. ಸಮಾಧಿಯ ಬಾಗಿಲನ್ನು ಕಲ್ಲಿನಿಂದ ಮುಚ್ಚಿ ಸಂದುಗಳಿಗೆ ಕಬ್ಬಿಣ ಎರೆಯಲಾಗಿದೆ, ಒಡೆಯದೆ ತೆರೆಯಲಾಗದು ಎಂಬುದು ಇನ್ನೊಂದು. ಮಗ ಒಪ್ಪಲಿಲ್ಲ, 706ರಲ್ಲಿ ಸಮಾಧಿಯನ್ನು ಮತ್ತೆ ತೆರೆಯಲಾಯಿತು. 1958ರಲ್ಲಿ ಸ್ಥಳೀಯ ರೈತರು ಕಲ್ಲಿಗಾಗಿ ಬಂಡೆ ಸಿಡಿಸುವಾಗ ಸಮಾಧಿಯ ಮಾರ್ಗ ಬೆಳಕಿಗೆ ಬಂತು. ಅನಂತರದ ಪರಿಶೀಲನೆಯಲ್ಲಿ 39 ಸಾಲುಗಳಲ್ಲಿ ಪೇರಿಸಿದ ಚಪ್ಪಡಿಗಳೂ ಅವುಗಳನ್ನು ಬಿಗಿದ ಕಬ್ಬಿಣದ ಪಟ್ಟಿಗಳೂ ಕಂಡುಬಂದವು. ಯಾನ್ ಷಾನ್ಸಿಯ ಮಾತಿಗೆ ಹನ್ನೆರಡು ಶತಮಾನಗಳ ಬಳಿಕ ನೆಲವೇ ಸಾಕ್ಷಿ ನುಡಿಯಿತು.

ಸಮಾಧಿಯನ್ನು ನೋಡಲು ಬರುವವರು ದಕ್ಷಿಣ ದಿಕ್ಕಿನಿಂದ ಏರುತ್ತಾರೆ. ಮೊದಲು ಎದುರಾಗುವುದು ಜೋಡಿ ಗುಡ್ಡಗಳು. ಸ್ಥಳೀಯರು ಇವನ್ನು ಸ್ತನಗಳೆಂದು ಕರೆದು, ಉತ್ತರದ ಶಿಖರವನ್ನು ತಲೆಯೆಂದು ಭಾವಿಸಿ, ಇಡೀ ಬೆಟ್ಟವನ್ನು ಮಲಗಿದ ಹೆಣ್ಣಾಗಿ ಕಾಣುತ್ತಾರೆ. ಗಂಡನಿಗಾಗಿ ಆಯ್ದ ಬೆಟ್ಟವನ್ನು ಜನಮನಸ್ಸು ಹೀಗೆ ಹೆಂಡತಿಯ ದೇಹವಾಗಿ ಮಾರ್ಪಡಿಸಿದೆ. ಮುಂದೆ ದಾರಿಯ ಎರಡೂ ಬದಿಯಲ್ಲಿ ಕಂಬಗಳು, ರೆಕ್ಕೆಯ ಕುದುರೆಗಳು, ಉಷ್ಟ್ರಪಕ್ಷಿಗಳು, ಜೀನು ತೊಟ್ಟ ಕುದುರೆಗಳು ಹಾಗೂ ಕಾವಲುಗಾರರ ಶಿಲ್ಪಗಳು ಸಾಲಾಗಿ ನಿಂತಿವೆ.

ಆಮೇಲೆ ಸಿಗುವುದು 61 ವಿದೇಶೀ ಅರಸರ ಹಾಗೂ ದೂತರ ಪ್ರತಿಮೆಗಳು. ಬಹುತೇಕ ಎಲ್ಲಕ್ಕೂ ತಲೆಗಳಿಲ್ಲ. ಮಿಂಗ್ ಕಾಲದಲ್ಲಿ ಬಂದ ವಿದೇಶೀ ದೂತನೊಬ್ಬ ತನ್ನ ಪೂರ್ವಿಕರು ಕೈಕಟ್ಟಿ ನಿಂತದ್ದನ್ನು ಕಂಡು ಅವಮಾನಿತನಾದ, ಈ ಕಲ್ಲುಗಳು ರಾತ್ರಿ ಭೂತಗಳಾಗಿ ಬೆಳೆ ತುಳಿಯುತ್ತವೆಂದು ರೈತರನ್ನು ನಂಬಿಸಿ ತಲೆ ಒಡೆಸಿದ ಎಂಬುದು ಒಂದು ಕಥೆ. ಈ ಪ್ರದೇಶವನ್ನು ನಡುಗಿಸಿದ 1556ರ ಮಹಾಭೂಕಂಪವೇ ಕಾರಣವೆನ್ನುವ ವಿದ್ವಾಂಸರಿದ್ದಾರೆ. ಬೆನ್ನಿನ ಮೇಲೆ ಇಂದಿಗೂ ಓದಲು ಸಿಗುವ ಕೆಲವೇ ಹೆಸರುಗಳು ಮಧ್ಯ ಏಷ್ಯಾ ಮತ್ತು ಟಿಬೆಟ್ ಕಡೆಯವು. ಅವುಗಳಲ್ಲಿ ದಕ್ಷಿಣ ಭಾರತದವರಿಲ್ಲ. ಆದರೆ 690ರ ದಶಕದ ಆರಂಭದಲ್ಲಿ ಆಕೆಯ ಆಸ್ಥಾನಕ್ಕೆ ಕಾಣಿಕೆ ತಂದವರನ್ನು ಹೆಸರಿಸುವ ‘ಹಳೆಯ ತಾಂಗ್ ಚರಿತ್ರೆ’ಯಲ್ಲಿ ದಕ್ಷಿಣ ಭಾರತದ ಅರಸನ ಹೆಸರೂ ಇದೆ. ಅದರ ಚೀನೀ ರೂಪವನ್ನು ವಿದ್ವಾಂಸರು ‘ಚಾಲುಕ್ಯ ವಲ್ಲಭ’ ಎಂದು ಗುರುತಿಸಿದ್ದಾರೆ. ಆಗ ಬಾದಾಮಿಯಲ್ಲಿ ಆಳುತ್ತಿದ್ದವನು ವಿನಯಾದಿತ್ಯ.

ಪ್ರತಿಮೆಗಳಿಗೆ ಮುನ್ನವೇ ಎರಡು ಬೃಹತ್ ಶಿಲೆಗಳು ನೋಡುಗರನ್ನು ತಡೆದು ನಿಲ್ಲಿಸುತ್ತವೆ. ಪಶ್ಚಿಮದ ಕಲ್ಲು ಗಾವೊಜೊಂಗನ ಪ್ರಶಸ್ತಿ. ಪಠ್ಯ ವೂ ಜೆತಿಯೆನ್‌ಳದು, ಬರವಣಿಗೆ ಮಗನದು. ಕೆತ್ತಿದ ಸಾವಿರಾರು ಅಕ್ಷರಗಳಿಗೆ ಒಮ್ಮೆ ಚಿನ್ನ ತುಂಬಲಾಗಿತ್ತು. ಪೂರ್ವದ್ದು ಏಳು ಮೀಟರ್‌ಗೂ ಎತ್ತರದ, ಎಂಟು ನಾಗಗಳು ಹೆಣೆದುಕೊಂಡ ಶಿರೋಭಾಗವುಳ್ಳ ಆಕೆಯ ಕಲ್ಲು. ನಿಲ್ಲಿಸಿದಾಗ ಅದರ ಮೇಲೆ ಒಂದಕ್ಷರವೂ ಇರಲಿಲ್ಲ. ತನ್ನ ಸಾಧನೆ ಮಾತಿಗೆ ಮೀರಿದ್ದೆಂದು ಆಕೆ ಖಾಲಿ ಬಿಡಿಸಿದಳು ಎನ್ನುತ್ತಾರೆ ಕೆಲವರು. ಗುಣದೋಷಗಳ ತೀರ್ಮಾನವನ್ನು ಮುಂದಿನವರಿಗೆ ಒಪ್ಪಿಸಿದಳು ಎನ್ನುವವರು ಹಲವರು. ಆದರೆ ದಾಖಲಾಗಿರುವ ಆಕೆಯ ಕೊನೆಯ ಆಜ್ಞೆಯಲ್ಲಿ ಕಲ್ಲಿನ ಮಾತೇ ಇಲ್ಲ. ಶಿಲೆಯ ಮೇಲೆ ಅಕ್ಷರಗಳಿಗಾಗಿ ಗೆರೆ ಎಳೆದ ಚೌಕಗಳು ಕಾಣುತ್ತವೆ. ಬರೆಯುವ ಉದ್ದೇಶ ಮೊದಲಿಗೆ ಇತ್ತೆಂಬುದಕ್ಕೆ ಇದು ಬಲವಾದ ಸೂಚನೆ. ತಾಯಿಯನ್ನು ತಾಂಗ್ ರಾಣಿಯೆನ್ನಬೇಕೆ, ಆ ವಂಶವನ್ನೇ ಅಳಿಸಿದ ಚಕ್ರವರ್ತಿಯೆನ್ನಬೇಕೆ ಎಂಬ ಇಕ್ಕಟ್ಟಿನಲ್ಲಿ ಮಗನ ಆಸ್ಥಾನ ಮೌನವಹಿಸಿತೆಂಬ ವಾದ ಈ ಸೂಚನೆಗೆ ಹೆಚ್ಚು ಹೊಂದುತ್ತದೆ. ಸೊಂಗ್ ಕಾಲದಿಂದ ಮುಂದೆ ಬಂದವರು ಆ ಖಾಲಿ ಜಾಗದಲ್ಲಿ ತಮ್ಮ ಬರಹಗಳನ್ನು ಕೆತ್ತಿಸಿದರು. ಅವುಗಳಲ್ಲಿ 1134ರ ದ್ವಿಭಾಷಾ ಬರಹವೊಂದು ಮರೆತುಹೋದ ಖಿತಾನ್ ಲಿಪಿಯ ಅಧ್ಯಯನಕ್ಕೆ ಮುಖ್ಯ ಆಧಾರವಾಗಿದೆ.

ಐತಿಹ್ಯವನ್ನು ಶಂಕಿಸುವಷ್ಟೇ ರಾಜಗ್ರಂಥವನ್ನೂ ಶಂಕಿಸಬೇಕಾಗುತ್ತದೆ. ಆಕೆಯ ಮೊಮ್ಮಗಳು ಯೊಂಗ್‌ತಾಯ್ 701ರಲ್ಲಿ ಅಜ್ಜಿಯ ಕೋಪಕ್ಕೆ ಬಲಿಯಾದಳೆಂದು ಚರಿತ್ರಕಾರರು ಬರೆದರು. 1960ರ ದಶಕದ ಆರಂಭದಲ್ಲಿ ಇದೇ ಆವರಣದಲ್ಲಿ ತೆರೆದ ಆಕೆಯ ಸಮಾಧಿಯಲ್ಲಿ ಸಿಕ್ಕ ಶಾಸನದ ಮಾತುಗಳು ಗರ್ಭಿಣಿಯ ಮರಣವನ್ನು ಸೂಚಿಸುತ್ತವೆ. ಅದರ ಅರ್ಥದ ಬಗೆಗೆ ಒಮ್ಮತವಿಲ್ಲ. ಶಾಸನವೂ ಆಸ್ಥಾನದ್ದೇ ಎಂಬುದನ್ನು ಮರೆಯುವಂತಿಲ್ಲ. ಇನ್ನೊಂದೆಡೆ, ತಾಂಗ್ ಸಮಾಧಿಗಳನ್ನು ಸೂರೆಗೈದ ವೆನ್ ತಾವೊ ಎಂಬ ಸೇನಾಧಿಪತಿಯನ್ನು ಚಿಯೆನ್‌ಲಿಂಗ್‌ನಲ್ಲಿ ಮಾತ್ರ ಗಾಳಿಮಳೆ ತಡೆಯಿತೆಂಬ ಸಂಗತಿ ರಾಜಗ್ರಂಥದಲ್ಲಿಯೇ ಇದೆ. ಐತಿಹ್ಯಕ್ಕೂ ಗ್ರಂಥಕ್ಕೂ ನಡುವಣ ಗೆರೆ ನಾವು ಭಾವಿಸುವಷ್ಟು ಗಟ್ಟಿಯಲ್ಲ.

ಮುಖ್ಯ ಸಮಾಧಿ ಇಂದಿಗೂ ಮುಚ್ಚಿದೆ. ತೆರೆಯಬೇಕೆಂದು ವಿದ್ವಾಂಸ ಗುವೊ ಮೊರುವೊ ಆಗ್ರಹಿಸಿದ್ದರೂ ಪ್ರಧಾನಿ ಚೌ ಎನ್‌ಲಾಯ್ ಒಪ್ಪಲಿಲ್ಲ. 1956–58ರಲ್ಲಿ ತೆರೆದ ಮಿಂಗ್ ಸಮಾಧಿ ಡಿಂಗ್‌ಲಿಂಗ್‌ನ ರೇಷ್ಮೆ ವಸ್ತ್ರಗಳು ಗಾಳಿ ಸೋಕಿ ಹಾಳಾದವು. 1966ರಲ್ಲಿ ಅಲ್ಲಿನ ಅರಸನ ಅಸ್ಥಿಗಳನ್ನು ಸುಡಲಾಯಿತು. ಈ ಹಿನ್ನೆಲೆಯಲ್ಲಿ ಕಾಯುವುದೇ ಲೇಸು.

ಒಟ್ಟಿನಲ್ಲಿ, ಚಿಯೆನ್‌ಲಿಂಗ್‌ನ ಐತಿಹ್ಯಗಳು 706ರಲ್ಲಿ ನಡೆದುದನ್ನು ಹೇಳುವುದಿಲ್ಲ. ಗಂಡಿಗೆ ಮೀಸಲಾದ ಪದವಿಯಲ್ಲಿ ಕುಳಿತ ಹೆಣ್ಣನ್ನು ಮುಂದಿನ ತಲೆಮಾರುಗಳು ಹೇಗೆ ಅರ್ಥಮಾಡಿಕೊಂಡವು ಎಂಬುದನ್ನು ಅವು ಹೇಳುತ್ತವೆ. ಸಾಂಪ್ರದಾಯಿಕ ಚರಿತ್ರಕಾರರು ಆಕೆಯನ್ನು ಸಿಂಹಾಸನ ಕಸಿದವಳೆಂದು ಖಂಡಿಸಿ ಪ್ರಕರಣವನ್ನು ಮುಗಿಸಿದರು. ಖಾಲಿ ಕಲ್ಲಿನ ಕಥೆ ಹೇಳಿದ ಜನ ತೀರ್ಪನ್ನು ತೆರೆದಿಟ್ಟರು. ಘಟನೆಗೆ ಆಕರವಾಗದ ಐತಿಹ್ಯವು ಮನೋಧರ್ಮದ ಚರಿತ್ರೆಗೆ ಆಕರವಾಗುವುದು ಹೀಗೆ.