ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡದ ಪುನರ್ರಚನೆ (2024–25)

ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡದ ಪುನರ್ರಚನೆ (2024–25) ಎಂಬುದು ಇಂಡಿಯನ್ ಪ್ರೀಮಿಯರ್ ಲೀಗ್‌ (ಐಪಿಎಲ್) 2025ರ ಋತುವಿಗೆ ಮೊದಲು ಬೆಂಗಳೂರು ಮೂಲದ ಕ್ರಿಕೆಟ್ ತಂಡವು ಕೈಗೊಂಡ ಆಟಗಾರರ ಉಳಿಕೆ, ಬಿಡುಗಡೆ ಮತ್ತು ಖರೀದಿಯ ನಿರ್ಧಾರಗಳನ್ನು ಒಟ್ಟಾಗಿ ಸೂಚಿಸುತ್ತದೆ. ತಂಡವು ಕೇವಲ ಮೂವರು ಆಟಗಾರರನ್ನು ಉಳಿಸಿಕೊಂಡು, 2024ರ ನವೆಂಬರ್ 24 ಮತ್ತು 25ರಂದು ಸೌದಿ ಅರೇಬಿಯಾದ ಜೆಡ್ಡಾ ನಗರದಲ್ಲಿ ನಡೆದ ಬೃಹತ್ ಹರಾಜಿನಲ್ಲಿ 19 ಆಟಗಾರರನ್ನು ಕೊಂಡುಕೊಂಡಿತು. ಹೀಗೆ ಕಟ್ಟಿದ ತಂಡವು 2025ರ ಜೂನ್ 3ರಂದು ತನ್ನ ಮೊದಲ ಐಪಿಎಲ್ ಪ್ರಶಸ್ತಿಯನ್ನು ಗೆದ್ದಿತು. ಕರ್ನಾಟಕದ ಆಟಗಾರರಿಗೆ ತಂಡದಲ್ಲಿ ದೊರೆತ ಸ್ಥಾನದ ಬಗೆಗೆ ಈ ಅವಧಿಯಲ್ಲಿ ರಾಜ್ಯದಲ್ಲಿ ವ್ಯಾಪಕ ಚರ್ಚೆ ನಡೆಯಿತು.

ಹಿನ್ನೆಲೆ

2008ರಲ್ಲಿ ಆರಂಭವಾದ ಐಪಿಎಲ್‌ನ ಮೂಲ ಎಂಟು ತಂಡಗಳಲ್ಲಿ ಬೆಂಗಳೂರು ಒಂದು. 2009, 2011 ಮತ್ತು 2016ರಲ್ಲಿ ತಂಡವು ಅಂತಿಮ ಪಂದ್ಯ ತಲುಪಿ ಅನುಕ್ರಮವಾಗಿ ಡೆಕ್ಕನ್ ಚಾರ್ಜರ್ಸ್, ಚೆನ್ನೈ ಸೂಪರ್ ಕಿಂಗ್ಸ್ ಹಾಗೂ ಸನ್‌ರೈಸರ್ಸ್ ಹೈದರಾಬಾದ್ ತಂಡಗಳಿಗೆ ಸೋತಿತು. ಹೆಸರಾಂತ ಬ್ಯಾಟರ್‌ಗಳಿದ್ದರೂ ಬೌಲಿಂಗ್ ದುರ್ಬಲವಾಗಿದೆ ಎಂಬುದು ತಂಡದ ಮೇಲಿದ್ದ ಹಳೆಯ ಟೀಕೆ.

ಋತುಗಳ ನಡುವಿನ ಬಿಡುವಿನಲ್ಲಿ ಆಟಗಾರರ ವಿನಿಮಯ ಮಾಡಿಕೊಳ್ಳುವ ಪದ್ಧತಿ ತಂಡಕ್ಕೆ ಹೊಸದಲ್ಲ. 2009ರ ಋತುವಿಗೆ ಮೊದಲು ಜಹೀರ್ ಖಾನ್ ಅವರನ್ನು ಮುಂಬಯಿ ಇಂಡಿಯನ್ಸ್‌ಗೆ ಕೊಟ್ಟು ಕರ್ನಾಟಕದ ರಾಬಿನ್ ಉತ್ತಪ್ಪ ಅವರನ್ನು ಪಡೆಯಲಾಯಿತು. 2016ರ ಋತುವಿಗೆ ಕೆ. ಎಲ್. ರಾಹುಲ್ ಹೈದರಾಬಾದ್ ತಂಡದಿಂದ ವಿನಿಮಯದ ಮೂಲಕ ಮರಳಿದರು. 2023ರ ಕೊನೆಯಲ್ಲಿ ಶಹಬಾಜ್ ಅಹ್ಮದ್ ಅವರ ಬದಲಿಗೆ ಮಯಾಂಕ್ ಡಾಗರ್ ಬಂದರು. ಆಸ್ಟ್ರೇಲಿಯಾದ ಆಲ್‌ರೌಂಡರ್ ಕ್ಯಾಮರೂನ್ ಗ್ರೀನ್ ಅವರನ್ನು 17.50 ಕೋಟಿ ರೂಪಾಯಿ ನಗದು ವಿನಿಮಯದಲ್ಲಿ ಮುಂಬಯಿಯಿಂದ ಪಡೆಯಲಾಯಿತು.

2024ರ ಋತುವಿನಲ್ಲಿ ತಂಡವು ಮೊದಲ ಎಂಟು ಪಂದ್ಯಗಳಲ್ಲಿ ಏಳನ್ನು ಸೋತು, ಬಳಿಕ ಸತತ ಆರು ಪಂದ್ಯಗಳನ್ನು ಗೆದ್ದು ಪ್ಲೇಆಫ್ ಹಂತ ಪ್ರವೇಶಿಸಿತು. ಎಲಿಮಿನೇಟರ್ ಪಂದ್ಯದಲ್ಲಿ ರಾಜಸ್ಥಾನ್ ರಾಯಲ್ಸ್ ಎದುರು ಸೋತು ನಿರ್ಗಮಿಸಿತು. ಇದಾದ ನಂತರ ತಂಡದ ರಚನೆಯನ್ನು ಬುಡದಿಂದ ಬದಲಿಸುವ ಕಾರ್ಯ ಆರಂಭವಾಯಿತು. ಮೋ ಬೊಬಾಟ್ ಕ್ರಿಕೆಟ್ ನಿರ್ದೇಶಕರಾಗಿಯೂ ಆಂಡಿ ಫ್ಲವರ್ ಮುಖ್ಯ ತರಬೇತುದಾರರಾಗಿಯೂ ಇದ್ದರು. 2024ರ ಋತುವಿನೊಂದಿಗೆ ಐಪಿಎಲ್ ಆಟದಿಂದ ನಿವೃತ್ತರಾದ ದಿನೇಶ್ ಕಾರ್ತಿಕ್ ಬ್ಯಾಟಿಂಗ್ ತರಬೇತುದಾರ ಹಾಗೂ ಮಾರ್ಗದರ್ಶಕರಾಗಿ ಸೇರಿಕೊಂಡರು.

ನಿಯಮಗಳು

2025ರ ಋತುವಿಗೆ ಪ್ರತಿ ತಂಡಕ್ಕೆ 120 ಕೋಟಿ ರೂಪಾಯಿಗಳ ಮಿತಿ ನಿಗದಿಯಾಗಿತ್ತು. ತಂಡವೊಂದು ತನ್ನ ಹಳೆಯ ಆಟಗಾರರಲ್ಲಿ ಗರಿಷ್ಠ ಆರು ಮಂದಿಯನ್ನು ಹರಾಜಿಗೆ ಮೊದಲೇ ಉಳಿಸಿಕೊಳ್ಳಬಹುದಿತ್ತು, ಅಥವಾ ಹರಾಜಿನಲ್ಲಿ 'ರೈಟ್ ಟು ಮ್ಯಾಚ್' ಹಕ್ಕನ್ನು ಬಳಸಿ ಮರಳಿ ಪಡೆಯಬಹುದಿತ್ತು. ಈ ಹಕ್ಕಿನ ಪ್ರಕಾರ, ಬೇರೊಂದು ತಂಡ ಕೂಗಿದ ಅಂತಿಮ ಬೆಲೆಯನ್ನು ತಾನೇ ಕೊಡಲು ಒಪ್ಪಿದರೆ ಆಟಗಾರನು ಹಳೆಯ ತಂಡಕ್ಕೆ ಸೇರುತ್ತಾನೆ. ಆದರೆ ಈ ಬಾರಿ, ಹಳೆಯ ತಂಡವು ಹಕ್ಕು ಚಲಾಯಿಸುವ ಇಂಗಿತ ತೋರಿದಾಗ, ಅತಿ ಹೆಚ್ಚು ಕೂಗಿದ್ದ ತಂಡಕ್ಕೆ ಬೆಲೆಯನ್ನು ಇನ್ನೊಮ್ಮೆ ಏರಿಸುವ ಅವಕಾಶ ನೀಡಲಾಗಿತ್ತು. ಇದರಿಂದಾಗಿ ಹಕ್ಕಿನ ಬಳಕೆ ಮೊದಲಿಗಿಂತ ದುಬಾರಿಯಾಯಿತು.

ಉಳಿಸಿಕೊಂಡ ಆಟಗಾರರು

2024ರ ಅಕ್ಟೋಬರ್ 31ರಂದು ಪ್ರಕಟವಾದ ಪಟ್ಟಿಯಲ್ಲಿ ಮೂವರ ಹೆಸರಿತ್ತು.

• ವಿರಾಟ್ ಕೊಹ್ಲಿ – 21 ಕೋಟಿ ರೂ. 2008ರಿಂದ ಒಂದೇ ತಂಡಕ್ಕೆ ಆಡುತ್ತಿದ್ದ ಬ್ಯಾಟರ್.
• ರಜತ್ ಪಾಟೀದಾರ್ – 11 ಕೋಟಿ ರೂ. ಮಧ್ಯಪ್ರದೇಶದ ಬ್ಯಾಟರ್. 2022ರ ಹರಾಜಿನಲ್ಲಿ ಯಾರೂ ಕೊಳ್ಳದಿದ್ದ ಇವರು, ಗಾಯಗೊಂಡ ಲವ್‌ನೀತ್ ಸಿಸೋಡಿಯಾ ಅವರ ಬದಲಿಗೆ ತಂಡ ಸೇರಿ, ಅದೇ ವರ್ಷದ ಎಲಿಮಿನೇಟರ್ ಪಂದ್ಯದಲ್ಲಿ ಅಜೇಯ 112 ರನ್ ಗಳಿಸಿದ್ದರು.
• ಯಶ್ ದಯಾಳ್ – 5 ಕೋಟಿ ರೂ. ಉತ್ತರ ಪ್ರದೇಶದ ಎಡಗೈ ವೇಗಿ. 2024ರ ಮೇ 18ರಂದು ಚೆನ್ನೈ ವಿರುದ್ಧ ಕೊನೆಯ ಓವರ್ ಎಸೆದು ತಂಡವನ್ನು ಪ್ಲೇಆಫ್ ಹಂತಕ್ಕೆ ತಲುಪಿಸಿದ್ದರು.

ಮೂವರಿಗೆ 37 ಕೋಟಿ ವೆಚ್ಚವಾಗಿ, ಹರಾಜಿಗೆ 83 ಕೋಟಿ ರೂಪಾಯಿ ಮತ್ತು ಮೂರು 'ರೈಟ್ ಟು ಮ್ಯಾಚ್' ಹಕ್ಕುಗಳು ಉಳಿದವು.

ಬಿಡುಗಡೆಯಾದ ಆಟಗಾರರು

ನಾಯಕರಾಗಿದ್ದ ಫಾಫ್ ಡು ಪ್ಲೆಸಿ, ಗ್ಲೆನ್ ಮ್ಯಾಕ್ಸ್‌ವೆಲ್, ಕ್ಯಾಮರೂನ್ ಗ್ರೀನ್, ವಿಲ್ ಜ್ಯಾಕ್ಸ್ ಮತ್ತು 2018ರಿಂದ ತಂಡದಲ್ಲಿದ್ದ ವೇಗಿ ಮೊಹಮ್ಮದ್ ಸಿರಾಜ್ ಬಿಡುಗಡೆಯಾದವರಲ್ಲಿ ಪ್ರಮುಖರು. ಸಿರಾಜ್ ಅವರನ್ನು ಗುಜರಾತ್ ಟೈಟನ್ಸ್ 12.25 ಕೋಟಿಗೆ, ಜ್ಯಾಕ್ಸ್ ಅವರನ್ನು ಮುಂಬಯಿ 5.25 ಕೋಟಿಗೆ, ಮ್ಯಾಕ್ಸ್‌ವೆಲ್ ಅವರನ್ನು ಪಂಜಾಬ್ ಕಿಂಗ್ಸ್ 4.20 ಕೋಟಿಗೆ, ಡು ಪ್ಲೆಸಿ ಅವರನ್ನು ಡೆಲ್ಲಿ ಕ್ಯಾಪಿಟಲ್ಸ್ 2 ಕೋಟಿಗೆ ಕೊಂಡವು. ಸಿರಾಜ್ ಮತ್ತು ಜ್ಯಾಕ್ಸ್ ಅವರಿಗಾಗಿ ಬೆಂಗಳೂರು ತನ್ನ ಹಕ್ಕನ್ನು ಬಳಸಲಿಲ್ಲ. ಇದು ಅಭಿಮಾನಿಗಳ ಅಸಮಾಧಾನಕ್ಕೆ ಕಾರಣವಾಯಿತು.

ಹರಾಜು

ಮೊದಲ ದಿನ ತಂಡವು ಆರು ಆಟಗಾರರಿಗೆ 52.35 ಕೋಟಿ ರೂಪಾಯಿ ವ್ಯಯಿಸಿತು.

• ಜೋಶ್ ಹೇಜಲ್‌ವುಡ್ (ವೇಗಿ, ಆಸ್ಟ್ರೇಲಿಯಾ) – 12.50 ಕೋಟಿ
• ಫಿಲ್ ಸಾಲ್ಟ್ (ವಿಕೆಟ್ ಕೀಪರ್–ಬ್ಯಾಟರ್, ಇಂಗ್ಲೆಂಡ್) – 11.50 ಕೋಟಿ
• ಜಿತೇಶ್ ಶರ್ಮಾ (ವಿಕೆಟ್ ಕೀಪರ್–ಬ್ಯಾಟರ್) – 11 ಕೋಟಿ
• ಲಿಯಾಮ್ ಲಿವಿಂಗ್‌ಸ್ಟನ್ (ಆಲ್‌ರೌಂಡರ್, ಇಂಗ್ಲೆಂಡ್) – 8.75 ಕೋಟಿ
• ರಸಿಖ್ ದಾರ್ (ವೇಗಿ) – 6 ಕೋಟಿ
• ಸುಯಶ್ ಶರ್ಮಾ (ಲೆಗ್ ಸ್ಪಿನ್ನರ್) – 2.60 ಕೋಟಿ

ಎರಡನೆಯ ದಿನ 30.65 ಕೋಟಿಯೊಂದಿಗೆ ಕುಳಿತ ತಂಡವು 13 ಆಟಗಾರರನ್ನು ಪಡೆಯಿತು.

• ಭುವನೇಶ್ವರ್ ಕುಮಾರ್ – 10.75 ಕೋಟಿ
• ಕೃಣಾಲ್ ಪಾಂಡ್ಯ – 5.75 ಕೋಟಿ
• ಟಿಮ್ ಡೇವಿಡ್ – 3 ಕೋಟಿ
• ಜೇಕಬ್ ಬೆಥೆಲ್ – 2.60 ಕೋಟಿ
• ದೇವದತ್ತ ಪಡಿಕ್ಕಲ್ – 2 ಕೋಟಿ
• ನುವಾನ್ ತುಷಾರ – 1.60 ಕೋಟಿ
• ರೊಮಾರಿಯೊ ಶೆಫರ್ಡ್ – 1.50 ಕೋಟಿ
• ಲುಂಗಿ ಎನ್‌ಗಿಡಿ – 1 ಕೋಟಿ
• ಸ್ವಪ್ನಿಲ್ ಸಿಂಗ್ – 50 ಲಕ್ಷ ('ರೈಟ್ ಟು ಮ್ಯಾಚ್' ಮೂಲಕ)
• ಮನೋಜ್ ಭಾಂಡಗೆ, ಸ್ವಸ್ತಿಕ್ ಚಿಕಾರ, ಅಭಿನಂದನ್ ಸಿಂಗ್, ಮೋಹಿತ್ ರಾಠಿ – ತಲಾ 30 ಲಕ್ಷ

ಹರಾಜು ಮುಗಿದಾಗ ತಂಡದಲ್ಲಿ 22 ಆಟಗಾರರಿದ್ದರು. 75 ಲಕ್ಷ ರೂಪಾಯಿ ಉಳಿದಿತ್ತು. ಉಳಿಸಿಕೊಂಡ ದಯಾಳ್ ಅವರನ್ನೂ ಸೇರಿಸಿ ಲೆಕ್ಕ ಹಾಕಿದರೆ, ಪರಿಣತ ಬೌಲರ್‌ಗಳಿಗಾಗಿಯೇ ಸುಮಾರು 40 ಕೋಟಿ, ಅಂದರೆ ಒಟ್ಟು ಮಿತಿಯ ಮೂರನೆಯ ಒಂದು ಭಾಗ ವಿನಿಯೋಗವಾಗಿತ್ತು. ಹೇಜಲ್‌ವುಡ್ ಅವರನ್ನು ಇದೇ ತಂಡ 2022ರಲ್ಲಿ 7.75 ಕೋಟಿಗೆ ಕೊಂಡು 2023ರ ನವೆಂಬರಿನಲ್ಲಿ ಬಿಟ್ಟಿತ್ತು. ಒಂದು ವರ್ಷದ ನಂತರ ಇನ್ನೂ ಹೆಚ್ಚಿನ ಬೆಲೆಗೆ ಮರಳಿ ತಂದಿತು. ವೆಂಕಟೇಶ್ ಅಯ್ಯರ್ ಅವರಿಗಾಗಿ ಕೋಲ್ಕತ್ತ ನೈಟ್ ರೈಡರ್ಸ್‌ನೊಂದಿಗೆ ಬೆಂಗಳೂರು ಕೊನೆಯವರೆಗೂ ಪೈಪೋಟಿ ನಡೆಸಿತಾದರೂ, 23.75 ಕೋಟಿಗೆ ಅವರು ಕೋಲ್ಕತ್ತದ ಪಾಲಾದರು.

ಕರ್ನಾಟಕದ ಆಟಗಾರರ ಪ್ರಶ್ನೆ

ತಂಡದ ಹೆಸರು ಬೆಂಗಳೂರಿನದಾದರೂ ಅದರಲ್ಲಿ ಕರ್ನಾಟಕದ ಆಟಗಾರರು ಎಷ್ಟಿದ್ದಾರೆ ಎಂಬ ಪ್ರಶ್ನೆ ಪ್ರತಿ ಹರಾಜಿನ ಸಮಯದಲ್ಲಿಯೂ ಏಳುತ್ತದೆ. ಮೊದಲ ಋತುವಿನಲ್ಲಿ ರಾಹುಲ್ ದ್ರಾವಿಡ್ ನಾಯಕರಾಗಿದ್ದರು. ಅನಿಲ್ ಕುಂಬ್ಳೆ 2009 ಮತ್ತು 2010ರಲ್ಲಿ ತಂಡವನ್ನು ಮುನ್ನಡೆಸಿದರು. 2024ರ ಹರಾಜಿನ ನಂತರದ 22 ಆಟಗಾರರ ಪಟ್ಟಿಯಲ್ಲಿ ಕರ್ನಾಟಕ ರಾಜ್ಯ ತಂಡದ ಪಡಿಕ್ಕಲ್ ಮತ್ತು ರಾಯಚೂರಿನ ಮನೋಜ್ ಭಾಂಡಗೆ ಇಬ್ಬರೇ ಇದ್ದರು. ಪಡಿಕ್ಕಲ್ ಅವರನ್ನು ಮೊದಲ ದಿನ ಯಾವ ತಂಡವೂ ಕೊಳ್ಳಲಿಲ್ಲ. ಎರಡನೆಯ ದಿನ ಮೂಲಬೆಲೆಗೇ ಬೆಂಗಳೂರು ಪಡೆಯಿತು.

ಅದೇ ಹರಾಜಿನಲ್ಲಿ ಕೆ. ಎಲ್. ರಾಹುಲ್ 14 ಕೋಟಿಗೆ ಡೆಲ್ಲಿ, ಪ್ರಸಿದ್ಧ ಕೃಷ್ಣ 9.50 ಕೋಟಿಗೆ ಗುಜರಾತ್, ಅಭಿನವ್ ಮನೋಹರ್ 3.20 ಕೋಟಿಗೆ ಹೈದರಾಬಾದ್, ವೈಶಾಕ್ ವಿಜಯಕುಮಾರ್ 1.80 ಕೋಟಿಗೆ ಪಂಜಾಬ್ ಹಾಗೂ ಕರುಣ್ ನಾಯರ್ 50 ಲಕ್ಷಕ್ಕೆ ಡೆಲ್ಲಿ ತಂಡ ಸೇರಿದರು.

ತವರು ತಂಡಕ್ಕೆ ಬಂದು ಹೋಗುವ ಈ ಸ್ಥಿತಿಗೆ ಹಿಂದಿನ ತಲೆಮಾರಿನ ಉದಾಹರಣೆ ದಾವಣಗೆರೆಯ ವೇಗಿ ಆರ್. ವಿನಯ್ ಕುಮಾರ್. 'ದಾವಣಗೆರೆ ಎಕ್ಸ್‌ಪ್ರೆಸ್' ಎಂದು ಹೆಸರಾದ ಇವರು 2008ರಿಂದ 2010ರವರೆಗೆ ಬೆಂಗಳೂರಿಗೆ ಆಡಿ, 2011ರಲ್ಲಿ ಕೊಚ್ಚಿ ಟಸ್ಕರ್ಸ್ ಕೇರಳ ತಂಡಕ್ಕೆ ಹೋದರು. ಕೊಚ್ಚಿ ತಂಡ ರದ್ದಾದ ಮೇಲೆ, 2012ರ ಹರಾಜಿನಲ್ಲಿ ಬೆಂಗಳೂರು ಅವರನ್ನು 10 ಲಕ್ಷ ಡಾಲರ್ ಕೊಟ್ಟು ಮರಳಿ ಪಡೆಯಿತು. 2013ರಲ್ಲಿ 23 ವಿಕೆಟ್ ಗಳಿಸಿದರೂ ಮುಂದಿನ ವರ್ಷ ಅವರು ಕೋಲ್ಕತ್ತಕ್ಕೆ, ನಂತರ ಮುಂಬಯಿಗೆ ಆಡಿದರು. ಇದೇ ಅವಧಿಯಲ್ಲಿ, 2013–14 ಮತ್ತು 2014–15ರಲ್ಲಿ, ಅವರ ನಾಯಕತ್ವದಲ್ಲಿ ಕರ್ನಾಟಕವು ಸತತ ಎರಡು ಬಾರಿ ರಣಜಿ ಟ್ರೋಫಿ ಗೆದ್ದಿತು. ರಾಜ್ಯ ತಂಡದಲ್ಲಿ ಆಯ್ಕೆಯ ಆಧಾರ ರಾಜ್ಯದ ನಂಟು. ಐಪಿಎಲ್‌ನಲ್ಲಿ ಅದು ಹರಾಜಿನ ಬೆಲೆ ಮತ್ತು ತಂಡದ ಅಗತ್ಯ. ಈ ಎರಡರ ನಡುವಿನ ವ್ಯತ್ಯಾಸವೇ ಮೇಲಿನ ಚರ್ಚೆಯ ಮೂಲ.

ನಾಯಕತ್ವ

2025ರ ಫೆಬ್ರವರಿ 13ರಂದು ರಜತ್ ಪಾಟೀದಾರ್ ಅವರನ್ನು ನಾಯಕರೆಂದು ಘೋಷಿಸಲಾಯಿತು. 2013ರಿಂದ 2021ರವರೆಗೆ ನಾಯಕರಾಗಿದ್ದ ಕೊಹ್ಲಿ ಆ ಸ್ಥಾನಕ್ಕೆ ಮರಳಬಹುದೆಂಬ ನಿರೀಕ್ಷೆ ಹಲವರಲ್ಲಿತ್ತು.

ಋತುವಿನ ಪರಿಣಾಮಗಳು

ಆರಂಭದಲ್ಲಿ ತಂಡದ ನಿರ್ಧಾರಗಳು ಪ್ರಶ್ನೆಗೆ ಒಳಗಾದವು. ಏಪ್ರಿಲ್ 2ರಂದು ಬೆಂಗಳೂರಿನ ಎಂ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಗುಜರಾತ್ ಪರವಾಗಿ ಆಡಿದ ಸಿರಾಜ್ 19 ರನ್ನಿಗೆ 3 ವಿಕೆಟ್ ಪಡೆದು ಪಂದ್ಯಶ್ರೇಷ್ಠರಾದರು. ಏಪ್ರಿಲ್ 10ರಂದು ಅದೇ ಮೈದಾನದಲ್ಲಿ ರಾಹುಲ್ ಅಜೇಯ 93 ರನ್ ಗಳಿಸಿ ಡೆಲ್ಲಿಯನ್ನು ಗೆಲ್ಲಿಸಿದರು. ತವರಿನ ಮೊದಲ ಮೂರು ಪಂದ್ಯಗಳನ್ನೂ ತಂಡ ಸೋತಿತು. ಆದರೆ ಪರಸ್ಥಳಗಳಲ್ಲಿ ನಡೆದ ಏಳೂ ಲೀಗ್ ಪಂದ್ಯಗಳನ್ನು ಗೆದ್ದು, 19 ಅಂಕಗಳೊಂದಿಗೆ ಎರಡನೆಯ ಸ್ಥಾನ ಪಡೆಯಿತು. ಲೀಗ್ ಹಂತದಲ್ಲಿ ತವರಿನ ಹೊರಗಿನ ಎಲ್ಲ ಪಂದ್ಯಗಳನ್ನೂ ಗೆದ್ದ ಮೊದಲ ಐಪಿಎಲ್ ತಂಡ ಇದು.

ಹೊಸದಾಗಿ ಬಂದ ಬಹುತೇಕರು ಒಂದಲ್ಲ ಒಂದು ಪಂದ್ಯದಲ್ಲಿ ನಿರ್ಣಾಯಕರಾದರು. ಶೆಫರ್ಡ್ ಮೇ 3ರಂದು ಚೆನ್ನೈ ವಿರುದ್ಧ 14 ಎಸೆತಗಳಲ್ಲಿ ಅಜೇಯ 53 ರನ್ ಗಳಿಸಿದರು. ಮೇ 27ರಂದು ಲಖನೌ ವಿರುದ್ಧ ಹಂಗಾಮಿ ನಾಯಕ ಜಿತೇಶ್ 33 ಎಸೆತಗಳಲ್ಲಿ ಅಜೇಯ 85 ರನ್ ಹೊಡೆದು 228 ರನ್ನುಗಳ ಗುರಿ ಮುಟ್ಟಿಸಿದರು. ಮೇ 29ರ ಮೊದಲ ಕ್ವಾಲಿಫೈಯರ್ ಪಂದ್ಯದಲ್ಲಿ ಸುಯಶ್ ಮತ್ತು ಹೇಜಲ್‌ವುಡ್ ತಲಾ ಮೂರು ವಿಕೆಟ್ ಪಡೆದು ಪಂಜಾಬನ್ನು 101 ರನ್ನಿಗೆ ಆಲೌಟ್ ಮಾಡಿದರು. ಹೇಜಲ್‌ವುಡ್ 12 ಪಂದ್ಯಗಳಲ್ಲಿ 22 ವಿಕೆಟ್ ಪಡೆದರೆ, ಭುವನೇಶ್ವರ್ ಮತ್ತು ಕೃಣಾಲ್ ತಲಾ 17 ವಿಕೆಟ್ ಗಳಿಸಿದರು. ಕೊಹ್ಲಿ 15 ಪಂದ್ಯಗಳಲ್ಲಿ 657 ರನ್ ಗಳಿಸಿದರು.

ಋತುವಿನ ನಡುವೆಯೂ ಬದಲಾವಣೆಗಳು ಅಗತ್ಯವಾದವು. ಗಾಯಗೊಂಡ ಪಡಿಕ್ಕಲ್ ಅವರ ಸ್ಥಾನಕ್ಕೆ ಕರ್ನಾಟಕದವರೇ ಆದ ಮಯಾಂಕ್ ಅಗರ್ವಾಲ್ ಬಂದರು. ಭಾರತ–ಪಾಕಿಸ್ತಾನ ಗಡಿಯಲ್ಲಿನ ಸಂಘರ್ಷದಿಂದ ಮೇ ತಿಂಗಳಲ್ಲಿ ಟೂರ್ನಿ ಒಂದು ವಾರ ಸ್ಥಗಿತಗೊಂಡು ಮೇ 17ರಂದು ಮರಳಿ ಆರಂಭವಾಯಿತು. ದೇಶದ ತಂಡಗಳಿಗೆ ಹಿಂದಿರುಗಬೇಕಾದ ಎನ್‌ಗಿಡಿ ಮತ್ತು ಬೆಥೆಲ್ ಅವರ ಬದಲಿಗೆ ಜಿಂಬಾಬ್ವೆಯ ಬ್ಲೆಸಿಂಗ್ ಮುಜರಬಾನಿ ಹಾಗೂ ನ್ಯೂಜಿಲೆಂಡ್‌ನ ಟಿಮ್ ಸೀಫರ್ಟ್ ಸೇರಿದರು.

ಅಹಮದಾಬಾದಿನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಬೆಂಗಳೂರು 9 ವಿಕೆಟ್‌ಗೆ 190 ರನ್ ಗಳಿಸಿತು. ಪಂಜಾಬ್ 7 ವಿಕೆಟ್‌ಗೆ 184 ರನ್ ಮಾಡಿ 6 ರನ್ನುಗಳಿಂದ ಸೋತಿತು. 17 ರನ್ನಿಗೆ 2 ವಿಕೆಟ್ ಪಡೆದ ಕೃಣಾಲ್ ಪಂದ್ಯಶ್ರೇಷ್ಠರಾದರು. 2017ರ ಅಂತಿಮ ಪಂದ್ಯದಲ್ಲಿಯೂ ಈ ಗೌರವ ಪಡೆದಿದ್ದ ಅವರು, ಎರಡು ಐಪಿಎಲ್ ಅಂತಿಮ ಪಂದ್ಯಗಳಲ್ಲಿ ಪಂದ್ಯಶ್ರೇಷ್ಠರಾದ ಮೊದಲಿಗರು.

ಮರುದಿನ, ಜೂನ್ 4ರಂದು, ವಿಜಯೋತ್ಸವಕ್ಕಾಗಿ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಸೇರಿದ್ದ ಜನಸಂದಣಿಯಲ್ಲಿ ಕಾಲ್ತುಳಿತ ಉಂಟಾಗಿ 11 ಮಂದಿ ಮೃತಪಟ್ಟರು. ಹದಿನೇಳು ಋತುಗಳ ಕಾಯುವಿಕೆಯ ನಂತರ ಬಂದ ಪ್ರಶಸ್ತಿಯ ಸಂಭ್ರಮವು ಶೋಕದಲ್ಲಿ ಮುಗಿಯಿತು.

ನಂತರದ ಬೆಳವಣಿಗೆ

2025ರ ನವೆಂಬರಿನಲ್ಲಿ ತಂಡವು ಲಿವಿಂಗ್‌ಸ್ಟನ್, ಎನ್‌ಗಿಡಿ, ಭಾಂಡಗೆ, ಮಯಾಂಕ್ ಅಗರ್ವಾಲ್ ಮೊದಲಾದವರನ್ನು ಬಿಡುಗಡೆ ಮಾಡಿ, ಪ್ರಶಸ್ತಿ ಗೆದ್ದ ತಂಡದ ಬಹುಭಾಗವನ್ನು ಉಳಿಸಿಕೊಂಡಿತು. ಡಿಸೆಂಬರ್ 16ರಂದು ಅಬುಧಾಬಿಯಲ್ಲಿ ನಡೆದ ಕಿರುಹರಾಜಿನಲ್ಲಿ, ಹಿಂದಿನ ವರ್ಷ ಕೈತಪ್ಪಿದ್ದ ವೆಂಕಟೇಶ್ ಅಯ್ಯರ್ ಅವರನ್ನು 7 ಕೋಟಿಗೆ ಪಡೆಯಿತು.

ಇತರ ಕ್ರೀಡೆಗಳೊಂದಿಗೆ ಹೋಲಿಕೆ

ಅಮೆರಿಕದ ಬೇಸ್‌ಬಾಲ್‌ನಲ್ಲಿಯೂ ಋತು ಮುಗಿದ ನಂತರದ ಚಳಿಗಾಲವೇ ತಂಡ ಕಟ್ಟುವ ಕಾಲ. ಅಲ್ಲಿ ಹರಾಜು ಇಲ್ಲ. ಆಟಗಾರನ ಒಪ್ಪಂದವನ್ನೇ ತಂಡಗಳು ಪರಸ್ಪರ ಬದಲಿಸಿಕೊಳ್ಳುತ್ತವೆ. ಪ್ರಧಾನ ಲೀಗ್‌ನಲ್ಲಿ ಆರು ವರ್ಷಗಳ ಸೇವೆ ಪೂರೈಸಿದ ಆಟಗಾರನು ಒಪ್ಪಂದ ಮುಗಿದಾಗ ತನಗೆ ಬೇಕಾದ ತಂಡವನ್ನು ಆರಿಸಿಕೊಳ್ಳಬಹುದು. ವೆಚ್ಚಕ್ಕೆ ಕಟ್ಟುನಿಟ್ಟಾದ ಮಿತಿಯಿಲ್ಲ, ಆದರೆ ನಿಗದಿತ ಮೊತ್ತ ಮೀರಿದ ತಂಡಗಳು ತೆರಿಗೆ ಕಟ್ಟಬೇಕು. ಐಪಿಎಲ್‌ನಲ್ಲಿ ಎಲ್ಲ ತಂಡಗಳಿಗೂ ಒಂದೇ ಮಿತಿ ಇರುವುದರಿಂದ, ಯಾರನ್ನು ಕೊಳ್ಳಬೇಕು ಎಂಬುದರಷ್ಟೇ ಯಾರನ್ನು ಬಿಡಬೇಕು ಎಂಬ ನಿರ್ಧಾರವೂ ಮುಖ್ಯವಾಗುತ್ತದೆ.