ಸೋತವರು ಕಾಣದ ಚರಿತ್ರೆ

2025ರ ಆಗಸ್ಟ್ 22ರಂದು ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಗೆ ರಾಷ್ಟ್ರಪತಿಯವರ ಅಂಕಿತ ಬಿತ್ತು. ಕೆಲವೇ ದಿನಗಳಲ್ಲಿ ಭಾರತ ಕ್ರಿಕೆಟ್ ತಂಡದ ಅಂಗಿಯಿಂದ ಹಣ ಕಟ್ಟಿ ಆಡುವ ಆ್ಯಪ್ ಡ್ರೀಮ್11ರ ಹೆಸರು ಹೋಯಿತು. ಮೂರು ವರ್ಷಕ್ಕೆ 358 ಕೋಟಿ ರೂಪಾಯಿಗೆ ಆಗಿದ್ದ ಒಪ್ಪಂದ ಅವಧಿಗೆ ಮೊದಲೇ ಮುಗಿಯಿತು. ಅಂದಿನಿಂದ ಕ್ರಿಕೆಟ್ ವಲಯದಲ್ಲಿ ಒಂದು ಸಮಾಧಾನದ ಮಾತು ಚಲಾವಣೆಯಲ್ಲಿದೆ: ಕಾನೂನು ಬಂತು, ಜೂಜಿನ ಕಾಟ ತೀರಿತು. ಅದರ ಬೆನ್ನಿಗೇ ಇನ್ನೊಂದು ಮಾತಿದೆ: ಕರ್ನಾಟಕ ಪ್ರೀಮಿಯರ್ ಲೀಗಿನ (ಕೆಪಿಎಲ್) ಫಿಕ್ಸಿಂಗ್ ಪ್ರಕರಣದಲ್ಲಿ ಹೈಕೋರ್ಟ್ ಎಲ್ಲರನ್ನೂ ಬಿಟ್ಟಿತು, ಹಾಗಾಗಿ ಅಲ್ಲಿ ಏನೂ ನಡೆದೇ ಇರಲಿಲ್ಲ. ಎರಡೂ ತಪ್ಪು ತಿಳಿವಳಿಕೆ. ಕರ್ನಾಟಕದಲ್ಲಿ ಆಟ ಮತ್ತು ಬಾಜಿಯ ನಂಟು ಬೆಳೆದುಬಂದ ದಾರಿಯನ್ನು ಬೆಂಗಳೂರಿನಿಂದ ಮಾತ್ರ ನೋಡಿದ್ದರಿಂದ ಆದ ತಪ್ಪು ಇದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಕಡೆಯಿಂದ ನೋಡಿದರೆ ಅದೇ ದಾರಿ ಬೇರೆಯಾಗಿ ಕಾಣುತ್ತದೆ.

ಮೊದಲ ಘಟ್ಟವನ್ನು ಬೇಗ ದಾಟಬಹುದು. ಹಳೇ ಮೈಸೂರು ಸೀಮೆಯಲ್ಲಿ ಕಾನೂನಿನ ಒಪ್ಪಿಗೆ ಪಡೆದ ಬಾಜಿ ಎಂದರೆ ಕುದುರೆ ರೇಸು. ಅದಕ್ಕೆ 1952ರ ಲೈಸೆನ್ಸ್ ಕಾಯ್ದೆ ಇತ್ತು. 1996ರಲ್ಲಿ ಸುಪ್ರೀಂ ಕೋರ್ಟ್ ಲಕ್ಷ್ಮಣನ್ ಪ್ರಕರಣದಲ್ಲಿ ಅದನ್ನು ಕೌಶಲದ ಆಟ ಎಂದೂ ಒಪ್ಪಿತು. ಹಳ್ಳಿಯ ಇಸ್ಪೀಟು, ಓಸಿ, ಮಟ್ಕಾ, ಕೋಳಿ ಪಂದ್ಯಗಳೆಲ್ಲ 1963ರ ಪೊಲೀಸ್ ಕಾಯ್ದೆಯ ಕೈಗೆ ಹೋದವು. ರೇಸ್‌ಕೋರ್ಸಿನ ಬಾಜಿಗೆ ಪರವಾನಗಿ, ಹಳ್ಳಿಯ ಬಾಜಿಗೆ ಲಾಠಿ ಎಂಬ ಈ ವಿಂಗಡಣೆ ಮುಂದಿನ ಎಲ್ಲದಕ್ಕೂ ತಳಹದಿಯಾಯಿತು. ಅದನ್ನು ಗಂಭೀರವಾಗಿ ಪ್ರಶ್ನಿಸಿದವರು ಕಡಿಮೆ.

ಕ್ರಿಕೆಟ್ ಕಟಕಟೆಗೆ ಬಂದದ್ದು ತೊಂಬತ್ತರ ದಶಕದ ಕೊನೆಗೆ. 1997ರಲ್ಲಿ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ನಡೆಸಿದ ಫಿಕ್ಸಿಂಗ್ ವಿಚಾರಣೆಯಿಂದ ಏನೂ ಹೊರಬರಲಿಲ್ಲ. 2000ದ ಏಪ್ರಿಲ್‌ನಲ್ಲಿ ದೆಹಲಿ ಪೊಲೀಸರು ದಕ್ಷಿಣ ಆಫ್ರಿಕ ತಂಡದ ನಾಯಕ ಹ್ಯಾನ್ಸಿ ಕ್ರೊನಿಯೆ ಹೆಸರು ಹೇಳಿದಾಗ ಎಲ್ಲ ಬದಲಾಯಿತು. ಆ ಸರಣಿಯ ಒಂದು ಕೊಂಡಿ ಬೆಂಗಳೂರಿನಲ್ಲೇ ಇತ್ತು. 2000ದ ಮಾರ್ಚ್‌ನಲ್ಲಿ ಇಲ್ಲಿನ ಟೆಸ್ಟ್‌ಗೆ ಮೊದಲು ಕ್ರೊನಿಯೆ ತನ್ನ ತಂಡದ ಕಾಲಿಸ್, ಬೌಷರ್, ಕ್ಲೂಸ್ನರ್ ಬಳಿ ಹಣದ ಮಾತೆತ್ತಿದ್ದು ದಕ್ಷಿಣ ಆಫ್ರಿಕದ ಕಿಂಗ್ ಆಯೋಗದ ಮುಂದೆ ಬಯಲಾಯಿತು; ಅವರು ಅದನ್ನು ತಮಾಷೆ ಎಂದುಕೊಂಡಿದ್ದರು. ಅದೇ ಪಂದ್ಯ ಮೊಹಮ್ಮದ್ ಅಜರುದ್ದೀನ್ ಆಡಿದ 99ನೆಯ ಮತ್ತು ಕೊನೆಯ ಟೆಸ್ಟ್. ಶತಕ ಬಾರಿಸಿದ ಆತನಿಗೆ ಆ ಡಿಸೆಂಬರ್‌ನಲ್ಲಿ ಬಿಸಿಸಿಐ ಆಜೀವ ನಿಷೇಧ ಹೇರಿತು. 2012ರಲ್ಲಿ ಆಂಧ್ರಪ್ರದೇಶ ಹೈಕೋರ್ಟ್ ಆ ನಿಷೇಧ ಕಾನೂನಿನಲ್ಲಿ ನಿಲ್ಲದು ಎಂದಿತು. ಮಂಡಳಿ ಶಿಕ್ಷಿಸುವುದು, ಕೋರ್ಟು ಬಿಡುವುದು ಎಂಬ ಮಾದರಿ ಅಲ್ಲಿಂದ ಶುರು.

ಆ ಕಾಲದ ಬರವಣಿಗೆಗೆ ಆಟಗಾರನೊಬ್ಬನೇ ಸಾಕಾಗಿದ್ದ. ಅವನ ವಾಚು, ಅವನ ಮನೆ, ಅವನ ದುರಾಸೆ. ಉದ್ದೀಪನ ಮದ್ದಿನ ಪ್ರಕರಣಗಳಲ್ಲೂ ಹೀಗೇ ಆಯಿತು. ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಚಿನ್ನ ಗೆದ್ದು, ಮರುವರ್ಷ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ತರಬೇತುದಾರ ತಂದುಕೊಟ್ಟ ಜಿನ್ಸೆಂಗ್ ಗುಳಿಗೆಯಿಂದ ಆದದ್ದು ಎಂಬ ವಾದಕ್ಕೆ ವಿಚಾರಣೆಯಲ್ಲಿ ಬೆಲೆ ಸಿಕ್ಕರೂ ಕಡೆಗೆ ಎರಡು ವರ್ಷದ ನಿಷೇಧ ತಪ್ಪಲಿಲ್ಲ. ಉಕ್ರೇನಿನ ಆ ತರಬೇತುದಾರನ ಹೆಸರು ಇಂದು ಯಾರಿಗೂ ನೆನಪಿಲ್ಲ. ಅಶ್ವಿನಿಯ ಹೆಸರಿನ ಜೊತೆ ಮಾತ್ರ ಆ ಕಥೆ ಇನ್ನೂ ಅಂಟಿಕೊಂಡಿದೆ.

2008ರಲ್ಲಿ ಐಪಿಎಲ್ ಬಂದಾಗ ಬೆಂಗಳೂರಿನ ತಂಡಕ್ಕೆ ಸಿಕ್ಕದ್ದು ಒಂದು ವಿಸ್ಕಿಯ ಹೆಸರು. ಮದ್ಯದ ಜಾಹೀರಾತಿಗೆ ಟಿವಿಯಲ್ಲಿ ಅವಕಾಶವಿಲ್ಲದಿದ್ದರೂ ಆ ಹೆಸರು ಪ್ರತಿ ಬೇಸಿಗೆ ಮನೆಮನೆಗೆ ಬಂತು, ಮಕ್ಕಳು ಅದನ್ನು ಎದೆಯ ಮೇಲೆ ಹಾಕಿಕೊಂಡರು. ನಿಷಿದ್ಧ ವಸ್ತುವನ್ನು ಬೇರೆ ವೇಷದಲ್ಲಿ ಮಾರುವ ಈ ಬಾಡಿಗೆ ಜಾಹೀರಾತನ್ನು ನಾವು ತಕರಾರಿಲ್ಲದೆ ಒಪ್ಪಿಕೊಂಡದ್ದು ಅಲ್ಲೇ. ಮುಂದೆ ಬೆಟ್ಟಿಂಗ್ ಕಂಪನಿಗಳು ಸುದ್ದಿತಾಣಗಳ ಹೆಸರಿನಲ್ಲಿ ಜಾಹೀರಾತು ಕೊಟ್ಟಾಗ ಆ ದಾರಿ ಆಗಲೇ ಸವೆದು ನುಣುಪಾಗಿತ್ತು.

2013ರ ಮೇ ತಿಂಗಳಲ್ಲಿ ಐಪಿಎಲ್ ಫಿಕ್ಸಿಂಗ್ ಆರೋಪದಲ್ಲಿ ಶ್ರೀಶಾಂತ್, ಅಂಕಿತ್ ಚವಾಣ್, ಅಜಿತ್ ಚಂಡೀಲ ಬಂಧನವಾದಾಗ ಅವರ ನಾಯಕ ರಾಹುಲ್ ದ್ರಾವಿಡ್. ಮುದ್ಗಲ್ ಸಮಿತಿ, ಲೋಧಾ ಸಮಿತಿ, ಎರಡು ತಂಡಗಳಿಗೆ ಎರಡು ವರ್ಷದ ಅಮಾನತು ಎಲ್ಲವೂ ಓದುಗರಿಗೆ ಗೊತ್ತಿರುವುದೇ. ಗಮನಕ್ಕೆ ಬಾರದೆ ಹೋದದ್ದು ಬೇರೆ: 2016ರ ಜನವರಿಯಲ್ಲಿ ಲೋಧಾ ಸಮಿತಿ ಬೆಟ್ಟಿಂಗನ್ನು ನಿಯಮದೊಳಗೆ ತರಬೇಕು, ಫಿಕ್ಸಿಂಗನ್ನು ಅಪರಾಧ ಮಾಡಬೇಕು ಎಂದು ಜೊತೆಜೊತೆಗೇ ಹೇಳಿತು. 2013ರ ಕ್ರೀಡಾ ವಂಚನೆ ತಡೆ ಮಸೂದೆ ಕರಡಿನಲ್ಲೇ ನಿಂತಿತ್ತು. ಫಿಕ್ಸಿಂಗಿಗೆಂದೇ ಒಂದು ಕಾನೂನು ಬರಲೇ ಇಲ್ಲ. ಅದರ ಬೆಲೆ ತೆತ್ತದ್ದು ಕರ್ನಾಟಕ.

ಕರ್ನಾಟಕ ಪ್ರೀಮಿಯರ್ ಲೀಗ್ 2009ರಲ್ಲಿ ಶುರುವಾಯಿತು. 2019ರ ಹೊತ್ತಿಗೆ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಬೆಳಗಾವಿ, ಬಳ್ಳಾರಿ, ಬಿಜಾಪುರ, ಶಿವಮೊಗ್ಗ ಹೆಸರಿನ ಏಳು ತಂಡಗಳಿದ್ದವು. ಕೋಲಾರ-ಚಿಕ್ಕಬಳ್ಳಾಪುರ ಸೀಮೆಗೆ ತಂಡವಿರಲಿಲ್ಲ. ಬಾಜಿ ಕಟ್ಟುವವರಿಗೆ ತಂಡ ಬೇಕಿರಲಿಲ್ಲ, ಟಿವಿ ಸಾಕಿತ್ತು. ಇಂಥ ಲೀಗಿನ ಅಪಾಯ ಇರುವುದು ಇಲ್ಲೇ. ಆಟಗಾರನಿಗೆ ಸಿಗುವುದು ಸಣ್ಣ ಸಂಭಾವನೆ, ಪಂದ್ಯ ಮಾತ್ರ ನೇರ ಪ್ರಸಾರ. ಹಾಗಾಗಿ ಒಂದು ಓವರಿನ ಮೇಲೆ ಓಡಾಡುವ ಬಾಜಿಯ ಹಣ ಆಟಗಾರನ ಇಡೀ ಋತುವಿನ ಗಳಿಕೆಯನ್ನು ಮೀರಬಲ್ಲದು.

2019ರ ಆಗಸ್ಟ್ 31ರಂದು ಮೈಸೂರಿನಲ್ಲಿ ನಡೆದ ಫೈನಲ್‌ನಲ್ಲಿ ಹುಬ್ಬಳ್ಳಿ ಟೈಗರ್ಸ್ ಬಳ್ಳಾರಿ ಟಸ್ಕರ್ಸ್ ತಂಡವನ್ನು ಸೋಲಿಸಿತು. ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಸಿಸಿಬಿ ಪೊಲೀಸರು ಬೆಳಗಾವಿ ಪ್ಯಾಂಥರ್ಸ್ ಮಾಲೀಕ ಅಲಿ ಅಶ್ಫಾಕ್ ತಾರಾ ಅವರನ್ನು ಬಂಧಿಸಿದರು. ಆಮೇಲೆ ಬೆಂಗಳೂರು ಬ್ಲಾಸ್ಟರ್ಸ್ ತಂಡದ ಬೌಲಿಂಗ್ ಕೋಚ್ ಮತ್ತು ಒಬ್ಬ ಬ್ಯಾಟ್ಸ್‌ಮನ್. ನವೆಂಬರ್ 7ರಂದು ಬಳ್ಳಾರಿಯ ನಾಯಕ ಸಿ.ಎಂ. ಗೌತಮ್ ಮತ್ತು ಅಬ್ರಾರ್ ಕಾಜಿ. ಫೈನಲ್‌ನಲ್ಲಿ ನಿಧಾನವಾಗಿ ಆಡಲು 20 ಲಕ್ಷ ರೂಪಾಯಿ ಎಂಬುದು ಪೊಲೀಸರ ಆರೋಪ. ಗೌತಮ್ ಯಾರೋ ಬಂದುಹೋದ ಆಟಗಾರನಲ್ಲ; 2013–14ರಲ್ಲಿ ರಣಜಿ ಗೆದ್ದ ಕರ್ನಾಟಕ ತಂಡದ ವಿಕೆಟ್ ಕೀಪರ್. ಡಿಸೆಂಬರ್‌ನಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ ಆಡಳಿತ ಸಮಿತಿ ಸದಸ್ಯ ಸುಧೀಂದ್ರ ಶಿಂದೆಯವರೂ ಬಂಧನಕ್ಕೊಳಗಾದರು. ದೇಶದ ಫಿಕ್ಸಿಂಗ್ ತನಿಖೆಗಳಲ್ಲಿ ಮಾಲೀಕ, ಕೋಚ್, ಆಟಗಾರ, ಆಡಳಿತಗಾರ ಎಂಬ ಸರಪಳಿಯ ಉದ್ದಕ್ಕೂ ಕೈಹಾಕಿದ್ದು ಇದೇ. ಆ ವರ್ಷದ ಸಿಸಿಬಿ ಕೆಲಸಕ್ಕೆ ಸಿಗಬೇಕಾದ ಮನ್ನಣೆ ಇನ್ನೂ ಸಿಕ್ಕಿಲ್ಲ.

2022ರ ಜನವರಿ 10ರಂದು ಹೈಕೋರ್ಟಿನ ನ್ಯಾಯಮೂರ್ತಿ ಶ್ರೀನಿವಾಸ್ ಹರೀಶ್ ಕುಮಾರ್ ಗೌತಮ್, ಕಾಜಿ, ತಾರಾ ಮುಂತಾದವರ ಮೇಲಿನ ಪ್ರಕರಣ ರದ್ದು ಮಾಡಿದರು. ತೀರ್ಪನ್ನು ಓದದೆ ಅದನ್ನು ದೋಷಮುಕ್ತಿ ಎಂದು ಬರೆದವರೇ ಹೆಚ್ಚು. ಅದು ಹೇಳಿದ್ದು ಇಷ್ಟು: ಫಿಕ್ಸಿಂಗ್ ಆಟಗಾರನ ಅಪ್ರಾಮಾಣಿಕತೆಯನ್ನು, ಅಶಿಸ್ತನ್ನು ತೋರಿಸಬಹುದು, ಅದಕ್ಕೆ ಕ್ರಮ ಕೈಗೊಳ್ಳಬೇಕಾದ್ದು ಬಿಸಿಸಿಐ, ಆದರೆ ದಂಡ ಸಂಹಿತೆಯ 420ನೇ ಕಲಮಿನ ವಂಚನೆ ಆಗಬೇಕಾದರೆ ಯಾರನ್ನೋ ಮರುಳು ಮಾಡಿ ಅವರಿಂದ ಸೊತ್ತು ಪಡೆದಿರಬೇಕು, ಟಿಕೆಟ್ ಕೊಂಡ ಪ್ರೇಕ್ಷಕ ತಾನಾಗಿ ಕೊಂಡವನು. ಕ್ರಿಕೆಟ್ ಕ್ರೀಡೆಯಾದ್ದರಿಂದ ಅದರ ಮೇಲಿನ ಬೆಟ್ಟಿಂಗ್ ಪೊಲೀಸ್ ಕಾಯ್ದೆಯ ಜೂಜಿನ ವ್ಯಾಖ್ಯೆಯೊಳಗೂ ಬರದು ಎಂದು ಸೇರಿಸಿದರು. ನಡೆದಿಲ್ಲ ಎಂದು ಎಲ್ಲೂ ಹೇಳಲಿಲ್ಲ. ಶಿಕ್ಷಿಸಲು ಕಾನೂನಿಲ್ಲ ಎಂದರು. ಅದೇ ವರ್ಷ ಮಹಾರಾಜ ಟ್ರೋಫಿ ಎಂಬ ಹೊಸ ಹೆಸರಿನಲ್ಲಿ ರಾಜ್ಯದ ಲೀಗು ಮತ್ತೆ ಶುರುವಾಯಿತು.

ಆ ತೀರ್ಪಿನ ಐದು ವಾರದ ಬಳಿಕ, ಫೆಬ್ರುವರಿ 14ರಂದು, ಅದೇ ಹೈಕೋರ್ಟಿನ ವಿಭಾಗೀಯ ಪೀಠ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ್ದ ರಾಜ್ಯದ 2021ರ ತಿದ್ದುಪಡಿಯನ್ನೂ ತಳ್ಳಿಹಾಕಿತು. ಹಿಂದಿನ ವರ್ಷದ ಅಕ್ಟೋಬರ್‌ನಲ್ಲಿ ಕರ್ನಾಟಕದಿಂದ ಹಿಂದೆ ಸರಿದಿದ್ದ ಡ್ರೀಮ್11 ವಾಪಸು ಬಂತು. ಇಲ್ಲಿ ಗಡಿಯ ಮಾತು ಬರುತ್ತದೆ. ಆಂಧ್ರಪ್ರದೇಶ 2020ರಲ್ಲೇ ಇಂಥ ಆಟ ನಿಷೇಧಿಸಿತ್ತು. ಗೌರಿಬಿದನೂರಿನಿಂದ ಹಿಂದೂಪುರಕ್ಕೆ, ಚಿಂತಾಮಣಿಯಿಂದ ಮದನಪಲ್ಲಿಗೆ ಹೋದರೆ ಆ್ಯಪ್‌ನಲ್ಲಿ ಹಣ ಕಟ್ಟುವ ದಾರಿ ಮುಚ್ಚುತ್ತಿತ್ತು, ಈಚೆ ಬಂದರೆ ತೆರೆಯುತ್ತಿತ್ತು. ಜಾಹೀರಾತಿಗೆ ಗಡಿ ಇರಲಿಲ್ಲ. ಐಪಿಎಲ್ ಎರಡೂ ಕಡೆ ಒಂದೇ ಆಗಿ ಕಾಣುತ್ತಿತ್ತು. 2020ರಲ್ಲಿ ಅದರ ಹೆಸರಿನ ಜೊತೆ ಡ್ರೀಮ್11 ಕೂಡ 222 ಕೋಟಿ ರೂಪಾಯಿಗೆ ಸೇರಿಕೊಂಡಿತ್ತು. ಆರ್ಥಿಕ ಅಪಾಯವಿದೆ, ಚಟವಾಗಬಹುದು ಎಂಬ ಎಚ್ಚರಿಕೆಯನ್ನು ಸಹಜ ವೇಗದಲ್ಲಿ ಹೇಳಬೇಕೆಂದು ಜಾಹೀರಾತು ಮಾನದಂಡ ಮಂಡಳಿ 2020ರ ಡಿಸೆಂಬರ್‌ನಿಂದ ನಿಯಮ ಮಾಡಿತ್ತು. ಟಿವಿಯಲ್ಲಿ ಅದು ಓಡೋಡಿ ಮುಗಿಯುತ್ತಿದ್ದುದನ್ನು ಕೇಳದವರಿಲ್ಲ. 2022ರ ಜೂನ್ ಮತ್ತು ಅಕ್ಟೋಬರ್‌ನಲ್ಲಿ ಕೇಂದ್ರದ ವಾರ್ತಾ ಸಚಿವಾಲಯ ಬೆಟ್ಟಿಂಗಿನ ಬಾಡಿಗೆ ಜಾಹೀರಾತಿನ ವಿರುದ್ಧ ಸಲಹೆ ಹೊರಡಿಸಿತು. ಸಲಹೆಗೆ ಹಲ್ಲಿರಲಿಲ್ಲ.

2024ರ ಜನವರಿ 18ರಂದು ಚಿಕ್ಕಬಳ್ಳಾಪುರ ತಾಲ್ಲೂಕಿನ ಮುದ್ದೇನಹಳ್ಳಿಯಲ್ಲಿ ಸಚಿನ್ ತೆಂಡೂಲ್ಕರ್ ಮತ್ತು ಯುವರಾಜ್ ಸಿಂಗ್ ನಾಯಕತ್ವದ ತಂಡಗಳು ಸೇವಾಕಾರ್ಯಕ್ಕಾಗಿ ಪಂದ್ಯವಾಡಿದವು. ಜಿಲ್ಲೆಯ ಹುಡುಗರು ತಮ್ಮ ನೆಲದಲ್ಲಿ ಇಂಥ ಆಟಗಾರರನ್ನು ಕಂಡ ಅಪರೂಪದ ದಿನ. 2025ರ ಸೆಪ್ಟೆಂಬರ್‌ನಲ್ಲಿ ಜಾರಿ ನಿರ್ದೇಶನಾಲಯ 1ಎಕ್ಸ್‌ಬೆಟ್ ಎಂಬ ಬೆಟ್ಟಿಂಗ್ ಆ್ಯಪ್‌ನ ತನಿಖೆಯಲ್ಲಿ ಯುವರಾಜ್ ಅವರನ್ನೂ ಕರ್ನಾಟಕದ ರಾಬಿನ್ ಉತ್ತಪ್ಪ ಅವರನ್ನೂ ಕರೆಸಿ ಪ್ರಶ್ನಿಸಿತು. ಪ್ರಶ್ನಿಸಿದ ಮಾತ್ರಕ್ಕೆ ಯಾರೂ ತಪ್ಪಿತಸ್ಥರಲ್ಲ. ಆದರೆ ಚೆಂಡನ್ನು ಬೇಕೆಂದು ತಪ್ಪಾಗಿ ಎಸೆದವನಿಗೆ ಆಜೀವ ನಿಷೇಧ ವಿಧಿಸುವ ಆಡಳಿತ, ಬಾಜಿಗೆ ತನ್ನ ಮುಖ ಕೊಟ್ಟವನ ಬಗ್ಗೆ ಇಪ್ಪತ್ತೈದು ವರ್ಷ ಒಂದು ನಿಯಮವನ್ನೂ ಗಟ್ಟಿಯಾಗಿ ಬರೆಯಲಿಲ್ಲ. ಬರೆಯಲು ಅದಕ್ಕೆ ಬಾಯಿಯೂ ಇರಲಿಲ್ಲ. ಅಂಗಿಯ ಮೇಲೆ ಅದೇ ಹಣವಿತ್ತು. ಹೊಸ ಕಾಯ್ದೆಯಲ್ಲಿ ಇಂಥ ಜಾಹೀರಾತಿಗೆ ಎರಡು ವರ್ಷದವರೆಗೆ ಸೆರೆ, 50 ಲಕ್ಷದವರೆಗೆ ದಂಡವಿದೆ. ಆಡಿ ಸೋತವನಿಗೆ ಶಿಕ್ಷೆಯಿಲ್ಲ. ಇಷ್ಟು ಮಟ್ಟಿಗೆ ಅದು ನ್ಯಾಯದ ಕಡೆಗಿದೆ.

ಆದರೆ ತಾಲ್ಲೂಕಿನ ಬಾಜಿ ಆ್ಯಪ್ ಒಂದರಲ್ಲೇ ಇರಲಿಲ್ಲ. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆ, ಚಿಂತಾಮಣಿಯ ಟೊಮೆಟೊ ಮಂಡಿ, ಚಿಕ್ಕಬಳ್ಳಾಪುರದ ಹೂವಿನ ವ್ಯಾಪಾರ ಎಲ್ಲವೂ ದಿನದ ದುಡ್ಡಿನ ಮೇಲೆ ನಡೆಯುವಂಥವು. ಬುಕ್ಕಿಗೆ ಬೇಕಾದ್ದು ಅದೇ. ಈಗ ವಾಟ್ಸ್ಆ್ಯಪ್‌ನಲ್ಲಿ ಬೆಟ್ಟಿಂಗ್ ‘ಐಡಿ’ ಕೊಡುತ್ತಾರೆ; ಸೋತ ಹಣ ಮೀಟರ್ ಬಡ್ಡಿಯಾಗಿ ಮನೆಗೆ ಬರುತ್ತದೆ. ಪೊಲೀಸರು ಹಿಡಿದರೆ ಸಾಮಾನ್ಯವಾಗಿ ಪೊಲೀಸ್ ಕಾಯ್ದೆಯ 78(3)ನೇ ಕಲಮು. ಅದು ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ತನಿಖೆ ಮಾಡಲಾಗದ ಸಣ್ಣ ಅಪರಾಧ. ಅನುಮತಿಯ ಲೋಪವೊಂದೇ ಸಾಕು, ಕೇಸು ಬೀಳುತ್ತದೆ.

2024ರ ಮಾರ್ಚ್‌ನಲ್ಲಿ ಚಿತ್ರದುರ್ಗ ಜಿಲ್ಲೆಯಲ್ಲಿ ಗಂಡನ ಐಪಿಎಲ್ ಬೆಟ್ಟಿಂಗ್ ಸಾಲಗಾರರ ಕಾಟಕ್ಕೆ ಗೃಹಿಣಿಯೊಬ್ಬರು ಪ್ರಾಣ ಕಳೆದುಕೊಂಡಾಗ ಎರಡು ದಿನ ಸುದ್ದಿಯಾಯಿತು. ಎಲ್ಲರ ಕಣ್ಣೆದುರಿನ ದುರಂತಕ್ಕಾದರೆ ಆಯೋಗ ಬರುತ್ತದೆ: 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತದಲ್ಲಿ 11 ಜನ ಸತ್ತರು, ಚಿಂತಾಮಣಿ ತಾಲ್ಲೂಕಿನ ವಿದ್ಯಾರ್ಥಿಯೊಬ್ಬನೂ ಅದರಲ್ಲಿದ್ದ. ನ್ಯಾಯಮೂರ್ತಿ ಮೈಕೆಲ್ ಡಿಕುನ್ಹ ಆಯೋಗ ಜುಲೈನಲ್ಲೇ ವರದಿ ಕೊಟ್ಟಿತು. ಮೈಕ್ರೊಫೈನಾನ್ಸ್ ಕಿರುಕುಳ ವಿಪರೀತವಾದಾಗ ಅದೇ ವರ್ಷದ ಫೆಬ್ರುವರಿಯಲ್ಲಿ ರಾಜ್ಯ ಸುಗ್ರೀವಾಜ್ಞೆ ತಂದಿತ್ತು. ಆ ಸಾಲಗಳಲ್ಲಿ ಬಾಜಿಯ ಪಾಲೆಷ್ಟು ಎಂದು ಕ್ರೀಡಾ ವರದಿಗಾರರೂ ಕೇಳಲಿಲ್ಲ, ಕೃಷಿ ವರದಿಗಾರರೂ ಕೇಳಲಿಲ್ಲ. ತಂತ್ರಜ್ಞಾನದ ಚಟಕ್ಕೆ ನಿಮ್ಹಾನ್ಸ್ 2014ರಲ್ಲೇ ‘ಶಟ್’ ಕ್ಲಿನಿಕ್ ತೆರೆದಿದೆ. ಗೌರಿಬಿದನೂರಿನವರು ಅದಕ್ಕಾಗಿ ಬೆಂಗಳೂರಿಗೇ ಹೋಗಬೇಕು.

ದೇಶದಲ್ಲಿ 45 ಕೋಟಿ ಜನ ವರ್ಷಕ್ಕೆ 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಾರೆ ಎಂದು ಕಾಯ್ದೆ ತರುವಾಗ ಕೇಂದ್ರ ಸರ್ಕಾರ ಅಂದಾಜಿಸಿತು. ಅದನ್ನು ತಾಲ್ಲೂಕಿನ ಮಟ್ಟಕ್ಕೆ ಇಳಿಸುವ ಕೆಲಸ ಆಗಬೇಕು. ನಾಲ್ಕು ತಾಲ್ಲೂಕುಗಳ ಠಾಣೆಗಳಲ್ಲಿ 78(3)ರ ದಾಖಲೆಗಳಿವೆ, ನ್ಯಾಯಾಲಯಗಳಲ್ಲಿ ಅನುಮತಿಯ ಕಡತಗಳಿವೆ, ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ವಿಭಾಗವಿದೆ. ಐಪಿಎಲ್ ನಡೆಯುವ ತಿಂಗಳುಗಳ ದಾಖಲೆಯನ್ನು ಉಳಿದ ತಿಂಗಳುಗಳ ಪಕ್ಕದಲ್ಲಿಟ್ಟು ಓದುವುದಕ್ಕೆ ಹೊಸ ಆಯೋಗ ಬೇಕಿಲ್ಲ. ಶಿಡ್ಲಘಟ್ಟದಿಂದಲೇ ಶುರು ಮಾಡಬಹುದು. ಅಲ್ಲಿನ ಗೂಡಿನ ದಿನವಹಿ ವಹಿವಾಟಿನ ಲೆಕ್ಕವೂ ಸರ್ಕಾರದ ಕೈಯಲ್ಲೇ ಇದೆ.