ವಾರಾನ್ನ, ಡೊನೇಷನ್, ಸಿಇಟಿ

ಕಾಲೇಜು ಓದು ದುಬಾರಿ ಅಂದ ಕೂಡಲೇ ನಾವೆಲ್ಲ ಫೀಸಿನ ಲೆಕ್ಕ ಹಾಕುತ್ತೇವೆ. ನಮ್ಮ ತೆರಕಣಾಂಬಿ ಕಡೆಯವರನ್ನು ಕೇಳಿ ನೋಡಿ, ಮೊದಲ ಪ್ರಶ್ನೆ "ಉಳ್ಕೊಳೋದೆಲ್ಲಿ, ಊಟಕ್ಕೇನು?" ಅಂತಲೇ ಇರುತ್ತೆ. ಗುಂಡ್ಲುಪೇಟೆಯಿಂದ ಮೈಸೂರಿಗೆ ಸುಮಾರು ಅರವತ್ತು ಕಿಲೋಮೀಟರ್. ಅರಿಶಿನಕ್ಕೆ ರೇಟು ಬಂದ ವರ್ಷ ಮಗ ಕಾಲೇಜಿಗೆ, ಬಿದ್ದ ವರ್ಷ ಹೊಲಕ್ಕೆ! ಈ ಪ್ರಶ್ನೆ ಹೊಸದೇನಲ್ಲ.

ಮೈಸೂರು ವಿಶ್ವವಿದ್ಯಾಲಯ ಶುರುವಾದದ್ದು 1916ರಲ್ಲಿ. ಕಾಲೇಜುಗಳೇನೋ ಇದ್ದವು, ಪೇಟೆಯಲ್ಲಿ ಹಳ್ಳಿ ಹುಡುಗನಿಗೆ ಅನ್ನ ಹಾಕುವವರು ಬೇಕಿತ್ತು. ಅದಕ್ಕೆ ಇದ್ದ ಒಂದು ದಾರಿ ವಾರಾನ್ನ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು... ಹೀಗೆ ಏಳು ಮನೆ ಗೊತ್ತುಮಾಡಿಕೊಂಡರೆ ವಾರ ಕಳೆಯಿತು. ಆರೇ ಮನೆ ಸಿಕ್ಕವನಿಗೆ ಒಂದು ದಿನ ಉಪವಾಸ. ಎಸ್.ಎಲ್. ಭೈರಪ್ಪನವರ 'ಭಿತ್ತಿ' ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ವಾರಾನ್ನವನ್ನು ಹೊಗಳುವವರು ಒಂದು ಮರೆಯುತ್ತಾರೆ. ಊಟ ಹಾಕುವ ಮನೆಗೂ ಹುಡುಗನಿಗೂ ಜಾತಿ ಹೊಂದಬೇಕಿತ್ತು. ನಮ್ಮ ಸೀಮೆಯ ದಲಿತ, ಉಪ್ಪಾರ, ಸೋಲಿಗ ಹುಡುಗ ಯಾವ ಮನೆ ಬಾಗಿಲಿಗೆ ಹೋಗಬೇಕಿತ್ತು?

1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯನ್ನು ನಾವು ನೌಕರಿ ಮೀಸಲಾತಿಗಾಗಿ ನೆನೆಯುತ್ತೇವೆ. ಹಿಂದುಳಿದವರ ಉನ್ನತ ಓದಿಗೆ ಏನು ಸೌಲಭ್ಯ ಕೊಡಬೇಕು ಅನ್ನುವುದೂ ಅದರ ಮುಂದಿದ್ದ ಪ್ರಶ್ನೆಯೇ. ಇನ್ನೊಂದು ಕಡೆ ಮಠಗಳು. ತುಮಕೂರಿನ ಸಿದ್ಧಗಂಗೆಯ ದಾಸೋಹ ಎಲ್ಲರಿಗೂ ಗೊತ್ತು. ನಮಗೆ ಹತ್ತಿರದ್ದು ನಂಜನಗೂಡು ತಾಲ್ಲೂಕಿನ ಸುತ್ತೂರು. ಅಲ್ಲಿನ ಶಿವರಾತ್ರಿ ರಾಜೇಂದ್ರ ಸ್ವಾಮೀಜಿ ಮೈಸೂರಿನಲ್ಲಿ ಮೊದಲು ನಡೆಸಿದ್ದು ಉಚಿತ ಹಾಸ್ಟೆಲ್. ಜೆಎಸ್‌ಎಸ್ ಮಹಾವಿದ್ಯಾಪೀಠ ಬಂದದ್ದು ಆಮೇಲೆ, 1954ರಲ್ಲಿ. ಊಟ ಮೊದಲು, ಕಾಲೇಜು ಆಮೇಲೆ. ಈ ಕ್ರಮ ನನಗೆ ಬಹಳ ಸರಿ ಅನ್ನಿಸುತ್ತೆ.

ಮುಂದೆ ಡೊನೇಷನ್ ಕಾಲ. 1984ರಲ್ಲಿ ಕರ್ನಾಟಕ ಕ್ಯಾಪಿಟೇಷನ್ ಶುಲ್ಕ ನಿಷೇಧಿಸಿ ಕಾನೂನು ತಂದಿತು. ಅದೇ ಕಾನೂನಿನಡಿ 1989ರಲ್ಲಿ ಖಾಸಗಿ ಮೆಡಿಕಲ್ ಕಾಲೇಜಿಗೆ ಹೊರಟ ದರಪಟ್ಟಿ ನೋಡಿ: ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರರಿಗೆ 25,000, ಹೊರರಾಜ್ಯದವರಿಗೆ 60,000! ಇದನ್ನು ಪ್ರಶ್ನಿಸಿದ್ದು ಮೋಹಿನಿ ಜೈನ್ ಪ್ರಕರಣ. 1992ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷಣ ಒಂದು ಹಕ್ಕು ಅಂತ ಹೇಳಿತು. ಮರುವರ್ಷವೇ ಉನ್ನಿಕೃಷ್ಣನ್ ತೀರ್ಪಿನಲ್ಲಿ ಆ ಹಕ್ಕನ್ನು ಹದಿನಾಲ್ಕು ವಯಸ್ಸಿಗೆ ಮೊಟಕು ಮಾಡಿದರೂ, ಖಾಸಗಿ ಕಾಲೇಜಿನ ಅರ್ಧ ಸೀಟು ಮೆರಿಟ್ಟಿಗೆ ಅಂತಾಯಿತು. 1994ರಲ್ಲಿ ನಮ್ಮ ಸಿಇಟಿ ಬಂತು. 2002ರ ಟಿ.ಎಂ.ಎ. ಪೈ ತೀರ್ಪು ಆ ಅರ್ಧರ್ಧ ಲೆಕ್ಕವನ್ನು ಕಿತ್ತುಹಾಕಿತು. ಅಲ್ಲಿಂದ ಶುರುವಾದ ಸೀಟು ಹಂಚಿಕೆ ಮತ್ತು ಫೀಸಿನ ಹಗ್ಗಜಗ್ಗಾಟದ ಬಗ್ಗೆ ಬರೆದರೆ ಇನ್ನೊಂದು ಪೋಸ್ಟ್ ಆಗುತ್ತೆ, ಬಿಡಿ :-)

ನಾನೂ ಸಿಇಟಿ ಸೀಟಿನಲ್ಲೇ ಇಂಜಿನಿಯರಿಂಗ್ ಓದಿದವನು, ಅದರ ಋಣ ಇದೆ. ಆದರೆ ಸಿಇಟಿ ರ‍್ಯಾಂಕ್ ಸೀಟು ಕೊಡಿಸುತ್ತೆ, ರೂಮು ಕೊಡಿಸಲ್ಲ. ಸರ್ಕಾರಿ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ 2013-14ರಲ್ಲಿ ವಿದ್ಯಾಸಿರಿ ಯೋಜನೆ ಬಂತು. ಶುರುವಿನಲ್ಲಿ ಊಟ, ವಸತಿ ಎರಡಕ್ಕೂ ಸೇರಿ ತಿಂಗಳಿಗೆ 1,500 ರೂಪಾಯಿ, ವರ್ಷದಲ್ಲಿ ಹತ್ತು ತಿಂಗಳು. ದಿನಕ್ಕೆ ಐವತ್ತು ರೂಪಾಯಿ. ಮೈಸೂರಲ್ಲಿ ಪಿಜಿ ಹುಡುಕಿದವರು ಆ ಐವತ್ತನ್ನು ಎಲ್ಲಿ ಇಡುತ್ತಾರೋ ನೀವೇ ಹೇಳಿ.

ಕಾಲೇಜೇ ಹತ್ತಿರ ಬಂದರೆ ಈ ಖರ್ಚೇ ಇಲ್ಲ. ಚಾಮರಾಜನಗರದಲ್ಲಿ 2016ರಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಶುರುವಾಯಿತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲ. ತೆರಕಣಾಂಬಿಯ ಹುಡುಗಿ ಮನೆಯಲ್ಲೇ ಉಂಡು ಚಾಮರಾಜನಗರಕ್ಕೋ ಗುಂಡ್ಲುಪೇಟೆಗೋ ಹೋಗಿ ಡಿಗ್ರಿ ಓದಿ ಬರಬಹುದು, ಬೆಳಗಿನ ಬಸ್ಸು ಸರಿಯಾದ ಹೊತ್ತಿಗೆ ಬಂದರೆ.